ಅರ್ಧ ದಿನ, ಒಂದು ಹೊಳೆ, ಕಲಾವಿದರ ಊರು: ಬೈಲುಕುಪ್ಪೆಯೋ, ರುದ್ರಪಟ್ಟಣವೋ, ಭಾಗಮಂಡಲವೋ?

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಕಡೆಯಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬಂತು. ಮೊದಲನೆಯವರು ಮೈಸೂರಿನ ದಂಪತಿ. ಇಬ್ಬರಿಗೂ ಅರವತ್ತೈದು ದಾಟಿದೆ, ಯಜಮಾನರಿಗೆ ಮಂಡಿ ನೋವು. ಎರಡನೆಯದು ಮಂಗಳೂರಿನ ಒಂದು ಕುಟುಂಬ, ಜೊತೆಗೆ ಎಂಟು ವರ್ಷದ ಮಗಳು. ಮೂರನೆಯವನು ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿರುವ ಹುಡುಗ. ಬಸ್ ಚಾರ್ಜ್, ಒಂದು ಊಟ, ಅಷ್ಟೇ ಅವನ ಬಜೆಟ್.

ಮೂವರೂ ಕೇಳಿದ್ದು ಇದನ್ನೇ. "ಮಡಿಕೇರಿ ಕಡೆ ಬರ್ತಾ ಇದ್ದೀವಿ. ಜಲಪಾತ, ವ್ಯೂ ಪಾಯಿಂಟ್ ಎಲ್ಲ ನೋಡಿ ಆಗಿದೆ. ಅರ್ಧ ದಿನ ಖಾಲಿ ಇದೆ. ಹೊಳೆ ಪಕ್ಕ, ಕಲಾವಿದರು ಇರುವಂಥ ಊರು ಯಾವುದಾದರೂ ಇದೆಯಾ? ಗೈಡ್ ಮಾಡಿಕೊಳ್ಳಬೇಕಾ?"

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಒಂದು ಕಡೆ ಹದಿನೈದು ಕಿಲೋಮೀಟರಿಗೆ ಮಡಿಕೇರಿ, ಇನ್ನೊಂದು ಕಡೆ ಅಷ್ಟೇ ದೂರಕ್ಕೆ ಕುಶಾಲನಗರ. ಮನೆಗೆ ಬಂದ ನೆಂಟರು, ಸ್ನೇಹಿತರ ಜೊತೆ ಈ ಮೂರು ಊರಿಗೂ ಎಷ್ಟೋ ಸಲ ಹೋಗಿದ್ದೇನೆ. ಮಳೆಯಲ್ಲಿ, ಬಿಸಿಲಲ್ಲಿ, ಗೈಡ್ ಇಟ್ಟುಕೊಂಡು, ಗೈಡ್ ಇಲ್ಲದೆ. ಕೆಲವು ಸಲ ಮನಸ್ಸು ತುಂಬಿ ಬಂದಿದೆ. ಕೆಲವು ಸಲ ಬೀಗ ಹಾಕಿದ ಬಾಗಿಲು ನೋಡಿಕೊಂಡು ವಾಪಸ್ ಬಂದದ್ದೂ ಇದೆ. ಇಷ್ಟು ಓಡಾಡಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಯಾವ ಊರಿಗೆ ಹೋಗುತ್ತೀರಿ ಅನ್ನುವುದಕ್ಕಿಂತ, ಯಾವ ಹೊತ್ತಿಗೆ ಹೋಗುತ್ತೀರಿ ಮತ್ತು ಯಾರ ಜೊತೆ ಹೋಗುತ್ತೀರಿ ಅನ್ನುವುದೇ ಮುಖ್ಯ. ಕೈ ಕೆಲಸ ಮಾಡುತ್ತಿರುವಾಗ, ಗಂಟಲು ಸಾಧನೆ ಮಾಡುತ್ತಿರುವಾಗ ನೀವು ಅಲ್ಲಿರಬೇಕು. ಇಲ್ಲದಿದ್ದರೆ ಸಿಗುವುದು ಬರೀ ಬೀದಿ, ಬರೀ ಕಟ್ಟಡ.

ಮೊದಲು ಏನೇನು ತೂಗಿ ನೋಡಬೇಕು

ಅರ್ಧ ದಿನ ಅಂದರೆ ಐದು ಗಂಟೆ, ಹೆಚ್ಚೆಂದರೆ ಆರು. ಮಡಿಕೇರಿಯಿಂದ ಹೊರಡುವುದಾದರೆ ಘಟ್ಟದ ತಿರುವುಗಳನ್ನು ಮರೆಯಬೇಡಿ. ಮ್ಯಾಪ್ ತೋರಿಸುವ ಹೊತ್ತಿಗೆ ಇಪ್ಪತ್ತು ನಿಮಿಷ ಸೇರಿಸಿಕೊಳ್ಳಿ. ಹಾಗಾಗಿ ಮೊದಲ ಲೆಕ್ಕ ದಾರಿಯದ್ದು. ಹೋಗಿ ಬರುವುದಕ್ಕೇ ಎಷ್ಟು, ಅಲ್ಲಿರುವುದಕ್ಕೆ ಎಷ್ಟು?

ಎರಡನೆಯದು ನಾನು ಆಗಲೇ ಹೇಳಿದ್ದು. ಆ ಊರಿನಲ್ಲಿ ಕಲೆಯ ಕೆಲಸ ಯಾವ ಹೊತ್ತಿಗೆ ನಡೆಯುತ್ತದೆ, ಹೊರಗಿನವರಿಗೆ ಅದು ಕಣ್ಣಿಗೆ ಬೀಳುತ್ತದಾ, ಇಲ್ಲಾ ಯಾರಾದರೂ ಬಾಗಿಲು ತೆರೆಸಿಕೊಡಬೇಕಾ? ಗೈಡ್ ಬೇಕೋ ಬೇಡವೋ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಆಮೇಲೆ ಹೊಳೆ. ಸೇತುವೆ ಮೇಲಿಂದ ನೋಡಿದರೆ ಸಾಕಾ, ಇಲ್ಲಾ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಡಬೇಕಾ? ಮೂರೂ ಕಡೆ ಇರುವುದು ಕಾವೇರಿಯೇ. ಆದರೆ ಮೂರು ಕಡೆ ಮೂರು ಥರ ಸಿಗುತ್ತಾಳೆ.

ದುಡ್ಡು, ಮಂಡಿ, ಮಕ್ಕಳು, ಮಳೆ ಇವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಅವನ್ನು ಆಯಾ ಊರಿನ ಜೊತೆಗೇ ಹೇಳುತ್ತೇನೆ.

ಬೈಲುಕುಪ್ಪೆ: ಕೈ ಕೆಲಸ ಕಣ್ಣಿಗೆ ಬೀಳುವ ಊರು

ಕುಶಾಲನಗರದಿಂದ ಮೈಸೂರು ರಸ್ತೆಯಲ್ಲಿ ಹೊಳೆ ದಾಟಿದರೆ ಕೊಪ್ಪ. ಅಲ್ಲಿಗೆ ಕೊಡಗು ಮುಗಿದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು ಶುರುವಾಗುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿದರೆ ಟಿಬೆಟನ್ನರ ಕ್ಯಾಂಪುಗಳು. ಕುಶಾಲನಗರದಿಂದ ಲೆಕ್ಕ ಹಾಕಿದರೆ ಆರು ಕಿಲೋಮೀಟರ್ ಅಷ್ಟೇ. ಮಡಿಕೇರಿಯಿಂದ ಒಂದು ಗಂಟೆಯ ದಾರಿ.

1960ರ ದಶಕದ ಶುರುವಿನಲ್ಲಿ ಟಿಬೆಟ್ ಬಿಟ್ಟು ಬಂದವರು ಕಾಡು ಕಡಿದು, ಜೋಳ ಬಿತ್ತಿ ಕಟ್ಟಿಕೊಂಡ ಊರು ಇದು. ನಾವೆಲ್ಲ ಗೋಲ್ಡನ್ ಟೆಂಪಲ್ ಅನ್ನುವ ಜಾಗ ನಾಮ್‌ಡ್ರೋಲಿಂಗ್ ಮಠದ ಒಳಗಿದೆ. ಮಠ ಶುರುವಾದದ್ದು 1963ರಲ್ಲಿ. ಬಂಗಾರ ಬಣ್ಣದ ಮೂರು ದೊಡ್ಡ ಮೂರ್ತಿಗಳಿರುವ ಆ ದೇಗುಲದ ಬಾಗಿಲು ತೆರೆದದ್ದು 1999ರಲ್ಲಿ. ನಡುವೆ ಬುದ್ಧ, ಅಕ್ಕಪಕ್ಕ ಟಿಬೆಟನ್ನರು ಪೂಜಿಸುವ ಗುರು ಪದ್ಮಸಂಭವ ಮತ್ತು ದೀರ್ಘಾಯುಸ್ಸಿನ ಬುದ್ಧ ಅಮಿತಾಯುಸ್. ಬಹಳ ಜನ ಇಷ್ಟು ನೋಡಿ, ಫೋಟೋ ತೆಗೆದು, ಎದುರಿನ ಅಂಗಡಿ ಸಾಲಿನಲ್ಲಿ ಒಂದು ಪ್ಲೇಟ್ ಮೊಮೊ ತಿಂದು ಹೊರಟುಬಿಡುತ್ತಾರೆ. ಮುಕ್ಕಾಲು ಗಂಟೆ. ನನಗೆ ಅದು ನೋಡಿದಾಗೆಲ್ಲ ಬೇಜಾರಾಗುತ್ತದೆ, ಯಾಕೆಂದರೆ ಈ ಊರಿನ ನಿಜವಾದ ಸೊಗಸು ಅದರ ಆಚೆಗಿದೆ.

ಥಾಂಕಾ, ಅಂದರೆ ಬಟ್ಟೆಯ ಮೇಲೆ ಬರೆಯುವ ಟಿಬೆಟನ್ನರ ದೇವರ ಚಿತ್ರ, ಅದನ್ನು ಬರೆಯುವುದನ್ನು ಹತ್ತಿರದಿಂದ ನೋಡಿದ್ದೀರಾ? ಹತ್ತಿಬಟ್ಟೆಯನ್ನು ಮರದ ಚೌಕಟ್ಟಿಗೆ ದಾರದಲ್ಲಿ ಬಿಗಿದು ಕಟ್ಟಿರುತ್ತಾರೆ, ನಮ್ಮಲ್ಲಿ ಮಂಚಕ್ಕೆ ನವಾರು ಬಿಗಿದ ಹಾಗೆ. ಸುಣ್ಣದ ಪುಡಿ ಮತ್ತು ಅಂಟು ಕಲಸಿ ಬಟ್ಟೆಗೆ ಬಳಿಯುತ್ತಾರೆ. ಒಣಗಿದ ಮೇಲೆ ನಯವಾದ ಕಲ್ಲಿನಲ್ಲಿ ಉಜ್ಜುತ್ತಾರೆ. ಬಟ್ಟೆಯ ಎಳೆ ಕಾಣಬಾರದು, ಹಾಗೆ. ಆಮೇಲೆ ಅಳತೆಯ ಗೆರೆಗಳು. ಬುದ್ಧನ ಮುಖ ಇಷ್ಟು, ಭುಜ ಇಷ್ಟು ಅಂತ ಎಲ್ಲಕ್ಕೂ ಲೆಕ್ಕ ಇದೆ, ಬರೆಯುವವರ ಮನಸ್ಸಿಗೆ ಬಂದ ಹಾಗೆ ಅಲ್ಲ. ಬಣ್ಣ, ನೆರಳು, ಬಂಗಾರದ ಗೆರೆ ಎಲ್ಲ ಆದ ಮೇಲೆ ಕೊನೆಗೆ ಕಣ್ಣು. ನಾನು ನೋಡಿದ ದಿನ ಹುಡುಗನೊಬ್ಬ ಒಂದು ಮೋಡದ ಅಂಚಿಗೆ ನೀಲಿ ಹಚ್ಚುತ್ತಿದ್ದ. ಕುಂಚದ ತುದಿಯನ್ನು ತುಟಿಗೆ ತಾಗಿಸಿ ಚೂಪು ಮಾಡಿಕೊಳ್ಳುತ್ತಿದ್ದ. ನಾವು ಅಲ್ಲಿದ್ದ ಇಪ್ಪತ್ತು ನಿಮಿಷದಲ್ಲಿ ಆ ಮೋಡ ನನ್ನ ಹೆಬ್ಬೆರಳ ಉಗುರಿನಷ್ಟು ಮುಂದುವರಿದಿತ್ತು.

ಕಾರ್ಪೆಟ್ ನೇಯುವ ಕಡೆಯೂ ಹೀಗೇ ನಿಂತುಬಿಡುತ್ತೀರಿ. ಟಿಬೆಟನ್ನರ ಗಂಟು ಹಾಕುವ ರೀತಿಯೇ ಬೇರೆ. ಮಗ್ಗಕ್ಕೆ ಅಡ್ಡಲಾಗಿ ಒಂದು ಸಲಾಕೆ ಇಟ್ಟು, ಉಣ್ಣೆಯನ್ನು ಅದರ ಸುತ್ತ ಸುತ್ತಿ ಸುತ್ತಿ ಸಾಲು ತುಂಬಿಸುತ್ತಾರೆ. ಒಂದು ಸಾಲು ಮುಗಿದ ಮೇಲೆ ಸಲಾಕೆಯ ಉದ್ದಕ್ಕೂ ಕತ್ತಿ ಎಳೆಯುತ್ತಾರೆ. ಸುರುಳಿಗಳೆಲ್ಲ ಒಟ್ಟಿಗೆ ಬಿಚ್ಚಿ ಮಖಮಲ್ಲಿನ ಹಾಗೆ ಎದ್ದು ನಿಲ್ಲುತ್ತವೆ. ಮಕ್ಕಳಿಗೆ ಇದು ಮ್ಯಾಜಿಕ್ ಥರ.

ಇದೆಲ್ಲ ಸಿಗಬೇಕಾದರೆ ವಾರದ ನಡುವೆ ಹೋಗಿ. ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡರ ಒಳಗೆ. ಭಾನುವಾರ ಟೂರಿಸ್ಟ್ ಬಸ್ಸುಗಳ ಸಾಲಿನಲ್ಲಿ ಪಾರ್ಕಿಂಗಿಗೇ ಅರ್ಧ ಗಂಟೆ ಬೇಕು. ಇನ್ನೊಂದು ಮಾತು. ಚಳಿಗಾಲದಲ್ಲಿ ಎಷ್ಟೋ ಟಿಬೆಟನ್ ಮನೆಯವರು ಸ್ವೆಟರ್ ವ್ಯಾಪಾರಕ್ಕೆ ಬೇರೆ ಬೇರೆ ಊರುಗಳಿಗೆ ಹೋಗಿರುತ್ತಾರೆ. ಮಠಗಳು ತುಂಬಿರುತ್ತವೆ, ಮನೆಗಳು ಖಾಲಿ. ಕೈ ಕೆಲಸ ನೋಡಲೇಬೇಕು ಅನ್ನುವವರು ನವೆಂಬರ್, ಡಿಸೆಂಬರಿನಲ್ಲಿ ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಬರುವ ಅವರ ಹೊಸ ವರ್ಷ ಲೋಸಾರ್ ಸಮಯದಲ್ಲಿ ಊರಿಗೆ ಊರೇ ಕಳೆ ಕಟ್ಟುತ್ತದೆ.

ಕೊರತೆ ಏನು? ಹೊಳೆ. ಕಾವೇರಿ ಸಿಗುವುದು ಕೊಪ್ಪದ ಸೇತುವೆಯಲ್ಲಿ, ಗಾಡಿ ಓಡುತ್ತಿರುವಾಗ ಕಿಟಕಿಯಿಂದ. ಕ್ಯಾಂಪಿನ ಒಳಗೆ ಹೊಳೆ ದಂಡೆಯ ಸುಖ ಇಲ್ಲ. ನೀರಿನ ಹತ್ತಿರ ಕೂರಲೇಬೇಕು ಅಂದರೆ ವಾಪಸ್ ಬರುವಾಗ ಕುಶಾಲನಗರದ ಪಕ್ಕದ ಕಾವೇರಿ ನಿಸರ್ಗಧಾಮಕ್ಕೆ ಹೋಗಬಹುದು. ಹೊಳೆ ನಡುವಿನ ದ್ವೀಪ, ತೂಗುಸೇತುವೆ ದಾಟಿ ಹೋಗಬೇಕು, ಬಿದಿರು ಮೆಳೆಯ ನೆರಳು. ಜೋರು ಮಳೆಯಲ್ಲಿ ಹೊಳೆ ತುಂಬಿದರೆ ಅದನ್ನು ಮುಚ್ಚುತ್ತಾರೆ.

ಮಂಡಿ ನೋವಿನವರಿಗೆ ಮೂರರಲ್ಲಿ ಇದೇ ಹಗುರ. ನೆಲ ಸಮತಟ್ಟು. ಮಳೆಗೂ ಹೆದರಬೇಕಿಲ್ಲ, ನೋಡುವುದೆಲ್ಲ ಹೆಚ್ಚಾಗಿ ಸೂರಿನ ಕೆಳಗೇ.

ರುದ್ರಪಟ್ಟಣ: ಕಿವಿಯಲ್ಲಿ ನೋಡಬೇಕಾದ ಊರು

ನನ್ನ ಮನಸ್ಸು ಇಲ್ಲಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಎಲ್ಲರಿಗೂ ಇದನ್ನೇ ಹೇಳುವುದಿಲ್ಲ, ಯಾಕೆ ಅಂತ ಓದುತ್ತಾ ಗೊತ್ತಾಗುತ್ತದೆ.

ಕುಶಾಲನಗರದಿಂದ ಹಾಸನ ರಸ್ತೆ ಹಿಡಿದರೆ ಮೊದಲು ಕೂಡಿಗೆ. ಹಾರಂಗಿ ಬಂದು ಕಾವೇರಿಯನ್ನು ಕೂಡುವ ಜಾಗ, ಹೆಸರೇ ಹೇಳುತ್ತದೆ. ಆಮೇಲೆ ಹೆಬ್ಬಾಲೆ, ಶಿರಂಗಾಲ. ಕಾಫಿ ತೋಟ, ಏರು ತಗ್ಗು ಎಲ್ಲ ಹಿಂದೆ ಬಿದ್ದು ಗದ್ದೆ, ಶುಂಠಿ, ಹೊಗೆಸೊಪ್ಪಿನ ಬಯಲು ತೆರೆದುಕೊಳ್ಳುತ್ತದೆ. ಶಿರಂಗಾಲ ದಾಟಿದರೆ ಹಾಸನ ಜಿಲ್ಲೆ. ಕೊಣನೂರು, ರಾಮನಾಥಪುರ, ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ ಹೊಳೆ ದಂಡೆಯಲ್ಲಿ ರುದ್ರಪಟ್ಟಣ. ಕುಶಾಲನಗರದಿಂದ ನಲವತ್ತು ಕಿಲೋಮೀಟರಿನ ಆಸುಪಾಸು, ಒಂದು ಗಂಟೆಗೂ ಸ್ವಲ್ಪ ಜಾಸ್ತಿ. ಮಡಿಕೇರಿಯಿಂದ ಎರಡು ಗಂಟೆ ಅಂತಲೇ ಇಟ್ಟುಕೊಳ್ಳಿ.

ಚಿಕ್ಕ ಊರು. ಆದರೆ ಕರ್ನಾಟಕ ಸಂಗೀತ ಕೇಳುವವರಿಗೆ ಈ ಹೆಸರು ಗೊತ್ತಿಲ್ಲದೆ ಇರುವುದಿಲ್ಲ. ಹೆಸರಾಂತ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಇಲ್ಲೇ, 1920ರಲ್ಲಿ. ಅವರ ಹೆಸರಿನ ಮುಂದಿರುವ "ಆರ್" ಅಂದರೆ ರುದ್ರಪಟ್ಟಣ. 2011ರಲ್ಲಿ ಅವರಿಗೆ ಪದ್ಮಭೂಷಣ ಬಂತು. ತೊಂಬತ್ತು ದಾಟಿದ ಮೇಲೂ ಕಛೇರಿ ಹಾಡಿದವರು, 2014ರಲ್ಲಿ ತೀರಿಕೊಂಡರು. ಅವರ ಅಣ್ಣ ಆರ್.ಕೆ. ವೆಂಕಟರಾಮ ಶಾಸ್ತ್ರಿ ಪಿಟೀಲು ವಿದ್ವಾಂಸರು. ರುದ್ರಪಟ್ಟಣಂ ಸಹೋದರರು ಅಂತ ಒಟ್ಟಿಗೆ ಹಾಡಿ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಕೂಡ ಇದೇ ಮನೆತನದವರು. ಗಾಯಕ ಆರ್.ಕೆ. ಪದ್ಮನಾಭ ಅವರೂ ಇಲ್ಲಿಯವರೇ. ಸಂಕೇತಿ ಬ್ರಾಹ್ಮಣ ಕುಟುಂಬಗಳು ನೆಲೆ ನಿಂತ ಅಗ್ರಹಾರ ಇದು. ಮನೆಯಲ್ಲಿ ವೇದ ಹೇಳುವ ಅಭ್ಯಾಸ, ಉಸಿರು ಹಿಡಿಯುವುದು, ಸ್ವರ ತಪ್ಪದ ಹಾಗೆ ಒಟ್ಟಿಗೆ ಹೇಳುವುದು. ಗಂಟಲಿಗೆ ಚಿಕ್ಕಂದಿನಲ್ಲೇ ಶಿಸ್ತು ಬಂದುಬಿಡುತ್ತಿತ್ತು.

ಪದ್ಮನಾಭ ಅವರು ಮುಂದೆ ನಿಂತು ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನ ಮಂದಿರ ಇಲ್ಲಿದೆ. ತಂಬೂರಿಯ ಆಕಾರದ ಕಟ್ಟಡ. ವರ್ಷಕ್ಕೊಮ್ಮೆ ಸಂಗೀತೋತ್ಸವ ನಡೆಯುತ್ತದೆ. ಆಗ ಊರಿಗೆ ಬೇರೆಯೇ ಜೀವ ಬರುತ್ತದೆ. ನಿಮ್ಮ ರಜೆ ಆ ದಿನಗಳಿಗೆ ಹೊಂದಿದರೆ ಬೇರೆ ಯೋಚನೆಯೇ ಬೇಡ, ಸೀದಾ ಇಲ್ಲಿಗೇ ಬನ್ನಿ.

ಬೇರೆ ದಿನಗಳಲ್ಲಿ? ನಾನು ಮೊದಲ ಸಲ ಹೋದದ್ದು ಒಂದು ಬುಧವಾರ ಮಧ್ಯಾಹ್ನ ಎರಡು ಗಂಟೆಗೆ, ಯಾರಿಗೂ ಹೇಳದೆ. ಬೀದಿ ನಿಶ್ಶಬ್ದ. ಎಷ್ಟೋ ಮನೆಗಳ ಬಾಗಿಲು ಹಾಕಿತ್ತು. ಹಾಡುವ ಮನೆಗಳವರು ಹೆಚ್ಚಿನವರು ಬೆಂಗಳೂರು, ಮೈಸೂರು ಸೇರಿ ಎಷ್ಟೋ ಕಾಲವಾಗಿದೆ. ಮಂದಿರದ ಹೊರಗೆ ಸ್ವಲ್ಪ ಹೊತ್ತು ಕೂತು, ಹೊಳೆ ನೋಡಿ ವಾಪಸ್ ಬಂದೆ. ಸಂಗೀತದ ಊರಿಗೆ ಹೋಗಿ ಒಂದು ಸ್ವರವೂ ಕಿವಿಗೆ ಬೀಳಲಿಲ್ಲ.

ಎರಡನೇ ಸಲ ಅರಕಲಗೂಡಿನ ಕಡೆಯ ಪರಿಚಯದ ಮೇಷ್ಟ್ರೊಬ್ಬರು ಜೊತೆಗೆ ಬಂದರು. ಒಂದು ಮನೆಯವರಿಗೆ ಹಿಂದಿನ ದಿನವೇ ಹೇಳಿದ್ದರು. ನಾವು ಹೋದಾಗ ಬೆಳಗ್ಗೆ ಏಳು ಗಂಟೆ. ಹತ್ತು ಹನ್ನೊಂದು ವರ್ಷದ ಹುಡುಗಿ ಚಾಪೆ ಮೇಲೆ ಕೂತಿದ್ದಳು. ಅವಳ ಅಜ್ಜ ತಂಬೂರಿ ಶ್ರುತಿ ಮಾಡುತ್ತಿದ್ದರು. ತಂಬೂರಿಯ ತಂತಿಗಳನ್ನು ಹೊರುವ ಚಿಕ್ಕ ತುಂಡಿಗೆ ಕುದುರೆ ಅನ್ನುತ್ತಾರೆ. ಅದರ ಮೇಲೆ ತಂತಿಯ ಕೆಳಗೆ ಒಂದು ಚಿಕ್ಕ ದಾರದ ಎಳೆ ಇಡುತ್ತಾರೆ, ಅದಕ್ಕೆ ಜೀವಾಳಿ ಅನ್ನುತ್ತಾರೆ. ಅಜ್ಜ ಅದನ್ನು ಉಗುರಿನಲ್ಲಿ ಕೂದಲೆಳೆಯಷ್ಟು ಹಿಂದೆ ತಳ್ಳಿದರು, ಮುಂದೆ ತಂದರು. ಒಂದು ಜಾಗಕ್ಕೆ ಬಂದ ಕೂಡಲೇ ಅಷ್ಟು ಹೊತ್ತು ಟಣ್ ಅನ್ನುತ್ತಿದ್ದ ತಂತಿ ಜೇನುಗೂಡಿನ ಹಾಗೆ ಗುಂಯ್ಯೆಂದಿತು. ಹುಡುಗಿ ಆಗ ಸರಳೆವರಸೆ, ಅಂದರೆ ಸಂಗೀತ ಕಲಿಯುವವರ ಮೊದಲ ಸ್ವರಪಾಠ, ಶುರು ಮಾಡಿದಳು. ಮೂರನೇ ಕಾಲದಲ್ಲಿ, ಅಂದರೆ ಮೂರನೇ ವೇಗದಲ್ಲಿ, ಒಂದು ಕಡೆ ತಪ್ಪಿತು. ಅಜ್ಜ ಏನೂ ಹೇಳಲಿಲ್ಲ, ತೊಡೆ ಮೇಲೆ ಬೆರಳು ನಿಲ್ಲಿಸಿದರು ಅಷ್ಟೇ. ಅವಳು ಮತ್ತೆ ಮೊದಲಿಂದ ಹಾಡಿದಳು. ಅರ್ಧ ಗಂಟೆ ನಾವು ಉಸಿರು ಬಿಗಿ ಹಿಡಿದು ಕೂತಿದ್ದೆವು. ಊರು ಅದೇ, ನಾನೂ ಮೊದಲು ಹೋದವಳೇ. ಬದಲಾಗಿದ್ದು ಹೊತ್ತು ಮತ್ತು ಜೊತೆಗಿದ್ದವರು.

ಹಾಗಾಗಿ ರುದ್ರಪಟ್ಟಣಕ್ಕೆ ಪರಿಚಯದವರು ಇಲ್ಲದೆ, ಮೊದಲೇ ಮಾತಾಡದೆ ಹೋಗಬೇಡಿ. ಹೋಗುವ ಹೊತ್ತು ಬೆಳಗ್ಗೆ ಆರೂವರೆಯಿಂದ ಒಂಬತ್ತು, ಇಲ್ಲಾ ಸಂಜೆ ಐದರ ಮೇಲೆ. ಮಧ್ಯಾಹ್ನ ಬೇಡವೇ ಬೇಡ. ಯಾರ ಮನೆಗೆ ಹೋದರೂ ಹಣ್ಣು, ಎಲೆ ಅಡಿಕೆ, ಜೊತೆಗೆ ಕೈಲಾದಷ್ಟು ದಕ್ಷಿಣೆ ಇಡಿ. ಅವರು ಕೇಳುವುದಿಲ್ಲ, ನಾವು ಮರೆಯಬಾರದು.

ಹೊಳೆಯ ವಿಷಯದಲ್ಲಿ ಈ ದಾರಿಯನ್ನು ಮೀರಿಸುವುದು ಯಾವುದೂ ಇಲ್ಲ. ಕೊಣನೂರಿನಲ್ಲಿ ಕಾವೇರಿಗೆ ತೂಗುಸೇತುವೆ ಇದೆ. ನಡುವೆ ನಿಂತರೆ ಸಣ್ಣಗೆ ತೂಗುತ್ತದೆ. ರಾಮನಾಥಪುರದಲ್ಲಿ ರಾಮೇಶ್ವರ ದೇವಸ್ಥಾನ ಹೊಳೆಗೆ ಮುಖ ಮಾಡಿಕೊಂಡೇ ಇದೆ. ಅಲ್ಲಿಯ ವಹ್ನಿಪುಷ್ಕರಿಣಿಯ ಹತ್ತಿರ ದೊಡ್ಡ ದೊಡ್ಡ ಮೀನುಗಳಿವೆ. ಯಾರೂ ಹಿಡಿಯುವುದಿಲ್ಲ. ಪುರಿ ಹಾಕಿದರೆ ಒಂದರ ಮೇಲೊಂದು ಬಿದ್ದು ಬರುತ್ತವೆ. ಬಂಡೆಗಳ ಮೇಲೆ ಕೂತು ಎಷ್ಟು ಹೊತ್ತು ಬೇಕಾದರೂ ಕಳೆಯಬಹುದು. ಆದರೆ ಜುಲೈ, ಆಗಸ್ಟಿನಲ್ಲಿ ಮೇಲೆ ಕೊಡಗಿನಲ್ಲಿ ಮಳೆ ಹೊಯ್ದು ಹಾರಂಗಿಯಿಂದ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಆಗ ಮೆಟ್ಟಿಲು ಇಳಿಯಬೇಡಿ. ಬಂಡೆ ಹತ್ತುವುದಂತೂ ದೂರದ ಮಾತು.

ಭಾಗಮಂಡಲ: ಕೊಡಗು ಬಿಟ್ಟು ಹೊರಗೆ ಹೋಗದವರಿಗೆ

ಕಲಾವಿದರ ಊರು ಅಂತ ಇದನ್ನು ಕರೆಯುವುದು ಸರಿಯಲ್ಲ. ಆದರೂ ಈ ಪಟ್ಟಿಗೆ ಸೇರಿಸಿದ್ದೇನೆ, ಯಾಕೆಂದರೆ ಭಗಂಡೇಶ್ವರ ದೇವಸ್ಥಾನದ ಮರದ ಕೆತ್ತನೆಯನ್ನು ನೋಡದೆ ಬರುವವರೇ ಜಾಸ್ತಿ. ಕೇರಳ ಶೈಲಿಯ ಇಳಿಜಾರು ಮಾಡು, ಒಳಗೆ ಮರದ ಚಾವಣಿಯಲ್ಲಿ ಕೊರೆದ ದೇವತೆಗಳು, ಬಳ್ಳಿಗಳು. ಕೈ ಮುಗಿದು ತಲೆ ತಗ್ಗಿಸಿಯೇ ಹೊರಬಂದರೆ ಇದು ಕಾಣುವುದಿಲ್ಲ. ಕತ್ತೆತ್ತಿ ನೋಡಬೇಕು. ಕತ್ತಲಿಗೆ ಕಣ್ಣು ಹೊಂದಲು ಎರಡು ನಿಮಿಷ ಬಿಡಬೇಕು.

ಕಾವೇರಿ, ಕನ್ನಿಕೆ ಕೂಡುವ ಜಾಗ. ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರಿ ತ್ರಿವೇಣಿ ಸಂಗಮ ಅನ್ನುತ್ತೇವೆ. ದೇವಸ್ಥಾನದಿಂದ ನಾಲ್ಕು ಹೆಜ್ಜೆ. ಮಡಿಕೇರಿಯಿಂದ ಒಂದು ಗಂಟೆ ಚಿಲ್ಲರೆ. ಎಂಟು ಕಿಲೋಮೀಟರ್ ಮೇಲೆ ತಲಕಾವೇರಿ. ಗೈಡ್ ಬೇಕಾಗಿಲ್ಲ, ಟಿಕೆಟ್ ಇಲ್ಲ, ಖರ್ಚು ಕಡಿಮೆ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಹೊತ್ತಿಗೆ ಜನಸಾಗರ. ಭಕ್ತಿಗೆ ಬರುವವರಿಗೆ ಅದೇ ದೊಡ್ಡ ದಿನ, ಕೆತ್ತನೆ ನೋಡುವವರಿಗೆ ಅಲ್ಲ. ಜೋರು ಮಳೆಗಾಲದಲ್ಲಿ ಸಂಗಮ ತುಂಬಿ ರಸ್ತೆಗೇ ನೀರು ಬರುತ್ತದೆ. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದು ಅರ್ಚಕರು, ಅವರ ಮನೆಯಲ್ಲಿದ್ದವರು ತೀರಿಕೊಂಡರು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟ. ಮಳೆ ಎಚ್ಚರಿಕೆ ಇರುವ ದಿನ ಆ ಕಡೆ ಗಾಡಿ ತಿರುಗಿಸಬೇಡಿ.

ಗೈಡ್, ಟ್ಯಾಕ್ಸಿ, ಬಸ್

ಇಲ್ಲಿ ದುಡ್ಡಿನ ವಿಷಯ ನೇರವಾಗಿ ಮಾತಾಡೋಣ. ಟ್ಯಾಕ್ಸಿಯವರು ಸಾಮಾನ್ಯವಾಗಿ ಪ್ಯಾಕೇಜ್ ಲೆಕ್ಕದಲ್ಲಿ ಹೇಳುತ್ತಾರೆ. ನಾಲ್ಕು ಗಂಟೆ ನಲವತ್ತು ಕಿಲೋಮೀಟರ್, ಎಂಟು ಗಂಟೆ ಎಂಬತ್ತು ಕಿಲೋಮೀಟರ್, ಹೀಗೆ. ಮಡಿಕೇರಿಯಿಂದ ಬೈಲುಕುಪ್ಪೆಗೆ ಹೋಗಿ ಬಂದರೆ ಎಂಬತ್ತರ ಒಳಗೆ ಮುಗಿಯುತ್ತದೆ. ಕುಶಾಲನಗರದಿಂದ ರುದ್ರಪಟ್ಟಣವೂ ಹತ್ತಿರ ಹತ್ತಿರ ಅಷ್ಟೇ. ಮಡಿಕೇರಿಯಿಂದ ರುದ್ರಪಟ್ಟಣ ಅಂದರೆ ನೂರನಲವತ್ತು ದಾಟುತ್ತದೆ, ಆಗ ದೂರದ ಪ್ರಯಾಣದ ರೇಟು ಬೀಳುತ್ತದೆ. ಭಾಗಮಂಡಲದ ಜೊತೆ ತಲಕಾವೇರಿ ಸೇರಿಸಿದರೆ ಎಂಬತ್ತು ಸ್ವಲ್ಪ ಮೀರುತ್ತದೆ. ಕಾಯುವ ಹೊತ್ತಿಗೆ ಎಷ್ಟು, ಹೆಚ್ಚುವರಿ ಕಿಲೋಮೀಟರಿಗೆ ಎಷ್ಟು ಅಂತ ಹತ್ತುವ ಮೊದಲೇ ಕೇಳಿ.

ಗೈಡ್ ಬಗ್ಗೆ ಒಂದು ಅನುಭವ. ಕೆಲವು ವರ್ಷದ ಹಿಂದೆ ನನ್ನ ತಂಗಿ ಮನೆಯವರು ಬಂದಾಗ ಬೈಲುಕುಪ್ಪೆಗೆ ಗೈಡ್ ಒಬ್ಬರನ್ನು ಮಾಡಿಕೊಂಡೆವು. ನಾಲ್ಕು ಗಂಟೆಯಲ್ಲಿ ಎರಡು ಗಂಟೆ ಅಂಗಡಿಗಳಲ್ಲೇ ಹೋಯಿತು. ತಂಗಿ ಒಂದು ಥಾಂಕಾ ಕೊಂಡಳು, ಕೈಯಲ್ಲೇ ಬರೆದದ್ದು ಅಂತ ಹೇಳಿದರು. ಮನೆಗೆ ಬಂದು ಅಪ್ಪನ ಓದುವ ಮಸೂರ ಹಿಡಿದು ನೋಡಿದರೆ ಬಣ್ಣವೆಲ್ಲ ಚುಕ್ಕಿ ಚುಕ್ಕಿ. ಅಚ್ಚು ಹಾಕಿದ ಚಿತ್ರಕ್ಕೆ ಅಲ್ಲಲ್ಲಿ ಬಂಗಾರದ ಬಣ್ಣ ತಾಗಿಸಿದ್ದರು. ತಂಗಿ ಅದನ್ನು ಇನ್ನೂ ಗೋಡೆಗೆ ಹಾಕಿಲ್ಲ. ದುಡ್ಡಿಗಿಂತ ಮೋಸ ಹೋದೆವಲ್ಲ ಅನ್ನುವ ನೋವು.

ಅಂದಿನಿಂದ ನಾನು ಫೋನಿನಲ್ಲೇ ಮೂರು ಪ್ರಶ್ನೆ ಕೇಳುತ್ತೇನೆ. ಕೆಲಸ ನಡೆಯುವ ಜಾಗದ ಒಳಗೆ ಕರೆದುಕೊಂಡು ಹೋಗ್ತೀರಾ, ಯಾವುದು ಅದು? ಅಲ್ಲಿಯವರಿಗೆ ನಾವು ಬರುವುದು ಮೊದಲೇ ಗೊತ್ತಿರುತ್ತದಾ? ಅಂಗಡಿಗೆ ಎಷ್ಟು ಹೊತ್ತು? ಮೂರಕ್ಕೂ ನೇರ ಉತ್ತರ ಕೊಡುವವರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. "ಎಲ್ಲ ತೋರಿಸ್ತೀನಿ ಬನ್ನಿ" ಅನ್ನುವವರಿಗೆ ಬೇಡ ಅಂದುಬಿಡಿ. ಥಾಂಕಾ ಕೊಳ್ಳಲೇಬೇಕು ಅಂದರೆ ಜೇಬಿನಲ್ಲಿ ಒಂದು ಚಿಕ್ಕ ಮಸೂರ ಇರಲಿ. ಕುಂಚದ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುತ್ತದೆ. ಅಚ್ಚಿನದು ಒಂದೇ ಸಮ ಚುಕ್ಕಿ. ತಿಂಗಳುಗಟ್ಟಲೆ ಕೂತು ಬರೆದದ್ದು ಸಾವಿರ ರೂಪಾಯಿಗೆ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ.

ಬಸ್ಸಿನಲ್ಲಿ ಹೋಗುವವರಿಗೆ ಬೈಲುಕುಪ್ಪೆ ಸುಲಭ. ಮಡಿಕೇರಿಯಿಂದ ಕುಶಾಲನಗರಕ್ಕೆ ಬಸ್ಸು ಬೇಕಾದಷ್ಟು ಇವೆ, ಅಲ್ಲಿಂದ ಆಟೋ. ನಾಲ್ಕು ಜನ ಸೇರಿಕೊಂಡರೆ ಆಟೋ ಕೂಡ ಅಗ್ಗ. ರಾಮನಾಥಪುರದವರೆಗೂ ಕುಶಾಲನಗರದಿಂದ ಬಸ್ಸಿನಲ್ಲಿ ಹೋಗಬಹುದು. ರುದ್ರಪಟ್ಟಣಕ್ಕೆ ಅಲ್ಲಿಂದ ಬೇರೆ ಗಾಡಿ ನೋಡಿಕೊಳ್ಳಬೇಕು. ಅರ್ಧ ದಿನದಲ್ಲಿ ಬಸ್ಸಿನಲ್ಲೇ ಎಲ್ಲ ಮುಗಿಸುತ್ತೇನೆ ಅಂದರೆ ಆಗುವುದಿಲ್ಲ, ಇಡೀ ದಿನ ಇಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಜೊತೆಗಿರಲಿ.

ಆ ಮೂವರಿಗೆ ನಾನು ಹೇಳಿದ್ದು

ಮೈಸೂರಿನ ದಂಪತಿಯನ್ನು ಮೊದಲು ಕೇಳಿದೆ, ಸಂಗೀತ ಕೇಳ್ತೀರಾ ಅಂತ. ಯಜಮಾನರು ಶ್ರೀಕಂಠನ್ ಅವರ ಕಛೇರಿಗೆ ಎಷ್ಟೋ ಸಲ ಹೋದವರಂತೆ. ಹಾಗಿದ್ದರೆ ರುದ್ರಪಟ್ಟಣಕ್ಕೇ ಹೋಗಿ, ಆದರೆ ಮಡಿಕೇರಿಯಲ್ಲಿ ಉಳಿಯಬೇಡಿ, ಹಿಂದಿನ ರಾತ್ರಿ ಕುಶಾಲನಗರದಲ್ಲಿ ಉಳಿಯಿರಿ ಅಂದೆ. ಐದೂಮುಕ್ಕಾಲಿಗೆ ಹೊರಟರೆ ಏಳಕ್ಕೆ ಅಲ್ಲಿರಬಹುದು. ಟ್ಯಾಕ್ಸಿ, ಜೊತೆಗೆ ಊರು ಬಲ್ಲವರೊಬ್ಬರು. ಮಂಡಿ ನೋವಿಗೆ ಹೊಳೆಯ ಮೆಟ್ಟಿಲು ಇಳಿಯುವುದು ಬೇಡ, ಮೇಲೆ ಕೂತರೂ ನೀರಿನ ಸದ್ದು ಕೇಳುತ್ತದೆ. ವಾಪಸ್ ಬರುವಾಗ ರಾಮನಾಥಪುರದಲ್ಲಿ ದರ್ಶನ ಮಾಡಿ ಹನ್ನೊಂದೂವರೆಗೆ ಕುಶಾಲನಗರ. ಅಲ್ಲಿಂದ ಸೀದಾ ಮೈಸೂರು. ಅವರು ಸಂಗೀತದ ಆಸೆ ಅಷ್ಟಿಲ್ಲ ಅಂದಿದ್ದರೆ ಬೈಲುಕುಪ್ಪೆ ಅನ್ನುತ್ತಿದ್ದೆ.

ಮಂಗಳೂರಿನವರಿಗೆ ಬೈಲುಕುಪ್ಪೆ, ವಾರದ ನಡುವೆ. ಎಂಟು ವರ್ಷದ ಮಗು ಅರ್ಧ ಗಂಟೆ ಅಲುಗಾಡದೆ ಕೂತು ಸರಳೆವರಸೆ ಕೇಳುವುದು ಕಷ್ಟ, ಹಾಗೆ ಕೂರಿಸುವುದೂ ಸರಿಯಲ್ಲ. ಸಲಾಕೆಯ ಮೇಲೆ ಕತ್ತಿ ಎಳೆಯುವುದು, ಪ್ರಾರ್ಥನಾ ಚಕ್ರಗಳನ್ನು ತಿರುಗಿಸುತ್ತಾ ಓಡುವುದು ಅವಳಿಗೆ ಖುಷಿ ಕೊಡುತ್ತದೆ. ಚಕ್ರವನ್ನು ಬಲಕ್ಕೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು ಅಂತ ಮೊದಲೇ ಹೇಳಿಕೊಡಿ. ಗೈಡ್ ಎರಡು ಗಂಟೆ ಕಾಲ ಇದ್ದರೆ ಸಾಕು, ಕೆಲಸದ ಜಾಗಕ್ಕೆ ಮಾತ್ರ. ದೇಗುಲಕ್ಕೆ ನೀವೇ ಹೋಗಬಹುದು. ಮಳೆ ಇಲ್ಲದಿದ್ದರೆ ಕೊನೆಗೆ ಒಂದು ಗಂಟೆ ನಿಸರ್ಗಧಾಮ.

ದಾವಣಗೆರೆಯ ಹುಡುಗನಿಗೂ ಬೈಲುಕುಪ್ಪೆಯೇ, ಆದರೆ ಬೇರೆ ರೀತಿ. ಗೈಡ್ ಬೇಡ, ಟ್ಯಾಕ್ಸಿ ಬೇಡ. ಮಡಿಕೇರಿಯಿಂದ ಬೆಳಗ್ಗೆ ಏಳೂವರೆ ಬಸ್ಸು ಹಿಡಿ, ಕುಶಾಲನಗರದಿಂದ ಶೇರ್ ಆಟೋ. ಎಲ್ಲ ನೋಡುವ ಆಸೆ ಬಿಟ್ಟುಬಿಡು. ಥಾಂಕಾ ಬರೆಯುವವರು ಒಬ್ಬರು ಸಿಕ್ಕಿದರೆ ನಾನು ಚಿತ್ರಕಲೆ ಓದುತ್ತಿದ್ದೇನೆ, ಕೂತು ನೋಡಬಹುದಾ ಅಂತ ಕೇಳು. ಕಲಿಯುವವರು ಅಂದರೆ ಅವರು ಬೇರೆಯೇ ಥರ ಮಾತಾಡಿಸುತ್ತಾರೆ. ಇಲ್ಲ ಅಂದರೆ ಬೇಜಾರು ಮಾಡಿಕೊಳ್ಳದೆ ಮುಂದೆ ಹೋಗು, ದೇಗುಲದ ಗೋಡೆಯ ಚಿತ್ರಗಳೇ ಮೂರು ಗಂಟೆಗೆ ಸಾಲುತ್ತವೆ. ಅಲ್ಲಿಯವರ ಮುಖ ಬರೆಯುವ ಮುಂಚೆ ಅವರನ್ನು ಕೇಳು. ಇನ್ನೊಂದು, ಸ್ಕೆಚ್ ಬುಕ್ಕಿಗೆ ಪ್ಲಾಸ್ಟಿಕ್ ಕವರ್ ತೆಗೆದುಕೊಂಡು ಬಾ. ಕುಶಾಲನಗರದಲ್ಲಿ ಒಳ್ಳೆ ಬಿಸಿಲಿದ್ದರೂ ಸುಂಟಿಕೊಪ್ಪ ದಾಟುವಷ್ಟರಲ್ಲಿ ಮಳೆ ಹಿಡಿದಿರುತ್ತದೆ.